ತಿಮಿಂಗಿಲದ ತಲೆ ಮೇಲೆ ಕಾರಂಜಿ ಹೇಗೆ ಬರುತ್ತದೆ?

[ಪರದೆ ಮೇಲೆ: ಕಾರ್ಟೂನ್ ತಿಮಿಂಗಿಲ, ತಲೆ ಮೇಲೆ ನೀರಿನ ಕಾರಂಜಿ]

ಮಕ್ಕಳ ಪುಸ್ತಕದಲ್ಲಿ ತಿಮಿಂಗಿಲ ಬಂದ್ರೆ ಈ ಕಾರಂಜಿ ಇರಲೇಬೇಕು, ಅಲ್ವಾ? ಬಾಯಲ್ಲಿ ನೀರು ತುಂಬಿಕೊಂಡು ತಲೆಯಿಂದ ಚಿಮ್ಮಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಅದು ಬಿಡುವುದು ಉಸಿರು.

ತಿಮಿಂಗಿಲ ಮೀನಲ್ಲ. ಅದಕ್ಕೆ ಕಿವಿರು ಇಲ್ಲ, ನಮ್ಮ ಹಾಗೆ ಶ್ವಾಸಕೋಶ ಇದೆ. ಮೂಗಿನ ಹೊಳ್ಳೆ ಮಾತ್ರ ತಲೆಯ ಮೇಲಿದೆ, ಹಾಗಾಗಿ ಇಡೀ ಮೈ ಎತ್ತದೆ ನೆತ್ತಿಯಷ್ಟನ್ನೇ ಹೊರಗೆ ಹಾಕಿದರೂ ಉಸಿರಾಡಬಹುದು. ನೀಲಿ ತಿಮಿಂಗಿಲ, ಹಂಪ್‌ಬ್ಯಾಕ್ ಇಂಥ ಹಲ್ಲಿಲ್ಲದ ತಿಮಿಂಗಿಲಗಳಿಗೆ ಎರಡು ರಂಧ್ರ. ಹಲ್ಲಿರುವ ತಿಮಿಂಗಿಲಗಳಿಗೆ ಮತ್ತು ಡಾಲ್ಫಿನ್‌ಗಳಿಗೆ ಒಂದೇ. ಸುಮ್ನಿದ್ದಾಗ ಈ ರಂಧ್ರ ಮುಚ್ಚಿಯೇ ಇರುತ್ತದೆ, ತೆರೆಯಬೇಕು ಅಂದ್ರೆ ಸ್ನಾಯು ಬಿಗಿಯಬೇಕು. ಬಾಯಿಂದ ಉಸಿರಾಡುವ ಅಭ್ಯಾಸ ಇವಕ್ಕಿಲ್ಲ. ಬಾಯಿಗೆ ಬಂದ ನೀರನ್ನು ಬಾಯಿಂದಲೇ ಆಚೆ ತಳ್ಳುತ್ತವೆ.

[ಪರದೆ ಮೇಲೆ: ರಂಧ್ರ ತೆರೆದು ಮುಚ್ಚುವ ನಿಧಾನಗತಿಯ ದೃಶ್ಯ]

ಹಾಗಾದ್ರೆ ಕಾಣಿಸುವ ಆ ಬಿಳಿ ಕಂಬ ಏನು? ಒಳಗೆ ಅಷ್ಟು ಹೊತ್ತು ಕೂಡಿಟ್ಟ ಗಾಳಿ ಬಿಸಿಯಾಗಿರುತ್ತದೆ, ತೇವವೂ ಜಾಸ್ತಿ. ಅದು ಒಮ್ಮೆಲೇ ರಭಸದಿಂದ ಹೊರಗೆ ನುಗ್ಗಿದಾಗ ಹಿಗ್ಗಿ ತಣ್ಣಗಾಗುತ್ತದೆ, ಒಳಗಿನ ಆವಿ ಸಣ್ಣ ಹನಿಗಳಾಗುತ್ತದೆ. ಚಳಿಯಲ್ಲಿ ನಮ್ಮ ಬಾಯಿಂದ ಹೊಗೆ ಬಂದಂತೆ. ಆದರೆ ಇಷ್ಟೇ ಆಗಿದ್ದರೆ ಬೆಚ್ಚಗಿನ ಸಮುದ್ರದಲ್ಲಿ ಕಾರಂಜಿ ಅಷ್ಟಾಗಿ ಕಾಣಿಸಬಾರದಿತ್ತು. ಅಲ್ಲೂ ಕಾಣಿಸುತ್ತದೆ. ಯಾಕಂದ್ರೆ ರಂಧ್ರದ ಸುತ್ತ ನಿಂತ ನೀರೂ ಆ ರಭಸಕ್ಕೆ ಪುಡಿಪುಡಿಯಾಗಿ ಹಾರುತ್ತದೆ, ಜೊತೆಗೆ ಒಂದಿಷ್ಟು ಸಿಂಬಳ. ಹೌದು, ಸಿಂಬಳ. ಹತ್ತಿರದ ದೋಣಿಯಲ್ಲಿ ನಿಂತರೆ ಅದು ಮುಖಕ್ಕೂ ರಾಚಬಹುದು, ಮೀನು ಕೊಳೆತ ವಾಸನೆ ಸಮೇತ.

ಇಷ್ಟೊಂದು ರಭಸ ಯಾಕೆ? ಮೇಲೆ ಇರುವ ಹೊತ್ತು ಕಡಿಮೆ, ಊಟ ಇರುವುದು ಕೆಳಗೆ. ನಾವು ಸುಮ್ನೆ ಕೂತು ಉಸಿರಾಡುವಾಗ ಶ್ವಾಸಕೋಶದ ಗಾಳಿಯಲ್ಲಿ ಶೇ. 10-15ರಷ್ಟು ಬದಲಾದರೆ ಹೆಚ್ಚು. ತಿಮಿಂಗಿಲ ಒಂದೇ ಉಸಿರಿಗೆ ಶೇ. 80-90ರಷ್ಟು ಬದಲಾಯಿಸಿಬಿಡುತ್ತದೆ, ಅದೂ ಒಂದೆರಡು ಸೆಕೆಂಡಿನಲ್ಲಿ. ಹೀಗೆ ಕೆಲವು ಸಲ ಉಸಿರಾಡಿ ಆಮ್ಲಜನಕವನ್ನು ರಕ್ತಕ್ಕೂ ಸ್ನಾಯುಗಳಿಗೂ ತುಂಬಿಕೊಂಡು ಮುಳುಗಿದರೆ, ಸ್ಪರ್ಮ್ ವೇಲ್ ಅನ್ನುವ ಹಲ್ಲಿರುವ ತಿಮಿಂಗಿಲ ಒಂದು ಗಂಟೆ ಕೆಳಗೇ ಇರಬಲ್ಲದು.

[ಪರದೆ ಮೇಲೆ: ಮೂರು ಆಕಾರಗಳು ಒಂದರ ಪಕ್ಕ ಒಂದು]

ನನಗೆ ಇಷ್ಟವಾದ ಭಾಗ ಇದು. ಕಾರಂಜಿ ನೋಡಿಯೇ ತಿಮಿಂಗಿಲ ಯಾವುದು ಅಂತ ಹೇಳಬಹುದು. ನೀಲಿ ತಿಮಿಂಗಿಲದ್ದು ನೆಟ್ಟಗೆ, 9 ಮೀಟರ್‌ವರೆಗೂ ಹೋಗುತ್ತದೆ. ರೈಟ್ ವೇಲ್‌ದು ಎರಡಾಗಿ ಕವಲೊಡೆದು ಇಂಗ್ಲಿಷಿನ 'ವಿ' ಆಕಾರದಲ್ಲಿ ಕಾಣುತ್ತದೆ. ಸ್ಪರ್ಮ್ ವೇಲ್‌ದು ಮುಂದಕ್ಕೆ, ಎಡಕ್ಕೆ ಓರೆಯಾಗಿ ಹಾರುತ್ತದೆ, ಯಾಕಂದ್ರೆ ಅದರ ರಂಧ್ರವೇ ತಲೆಯ ತುದಿಯಲ್ಲಿ ಎಡಗಡೆ ಇದೆ. ಹಿಂದೆ ಬೇಟೆಗಾರರು ಹಡಗಿನ ಕಂಬ ಹತ್ತಿ ಇದನ್ನೇ ಹುಡುಕುತ್ತಿದ್ದರು. ಪಾಪ, ಉಸಿರಾಡಿದ್ದೇ ಅವುಗಳ ಜೀವಕ್ಕೆ ಮುಳುವಾಯಿತು.

ಈಗ ಅದೇ ಉಸಿರಿನ ಹಿಂದೆ ವಿಜ್ಞಾನಿಗಳು ಬಿದ್ದಿದ್ದಾರೆ. ಡ್ರೋನ್‌ಗೆ ಪ್ಲಾಸ್ಟಿಕ್ ತಟ್ಟೆ ಕಟ್ಟಿ ಕಾರಂಜಿಯ ಮೇಲೆ ಹಾರಿಸುತ್ತಾರೆ. ತಟ್ಟೆಗೆ ಅಂಟಿದ ಹನಿಗಳಲ್ಲಿ ಡಿಎನ್ಎ, ಹಾರ್ಮೋನು, ಬ್ಯಾಕ್ಟೀರಿಯಾ ಎಲ್ಲ ಸಿಗುತ್ತವೆ. ತಿಮಿಂಗಿಲವನ್ನು ಮುಟ್ಟುವುದೂ ಬೇಡ, ಚುಚ್ಚುವುದೂ ಬೇಡ.