ಮರುದಿನ ಬಂದವರು

ಕೇಳುಗರಿಗೆ ನಮಸ್ಕಾರ.

ಏಳೆಂಟು ವರ್ಷದ ಹಿಂದಿನ ಮಾತು. ಜೂನ್ 5, ವಿಶ್ವ ಪರಿಸರ ದಿನ. ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಏರಿ ಪಕ್ಕ ಶಾಮಿಯಾನ ಹಾಕಿಸಿದ್ದೆವು. ಮೈಕು, ಮೈಸೂರು ಪೇಟ, ಉಪ್ಪಿಟ್ಟು ಕೇಸರಿಬಾತು, ಯಾವುದಕ್ಕೂ ಕಮ್ಮಿ ಇರಲಿಲ್ಲ. ನಲವತ್ತು ಸಸಿ ನೆಟ್ಟೆವು. ಒಂದೊಂದು ಸಸಿಗೂ ಐದೈದು ಜನ ಕೈ ಹಚ್ಚಿ ಫೋಟೋ ತೆಗೆಸಿಕೊಂಡೆವು. ಮುಂದಿನ ಯುಗಾದಿಗೆ ಬೇವಿನ ಸೊಪ್ಪು ತರಲು ಆ ಕಡೆ ಹೋದವನು ಸುಮ್ನೆ ಎಣಿಸಿದೆ. ಮೂರು ಉಳಿದಿದ್ದವು. ಅದರಲ್ಲಿ ಒಂದು ನಾವು ನೆಟ್ಟಿದ್ದೇ ಅಲ್ಲ. ತಾನಾಗಿ ಹುಟ್ಟಿದ ಹೊಂಗೆ!

ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ. ಜೂನ್ 6ನೇ ತಾರೀಕು ನೀರು ಹಾಕುವವರು ಯಾರು ಅಂತ ನಾವು ಯಾರೂ ಕೇಳಿರಲಿಲ್ಲ.

ಪರಿಸರ ಉಳಿಸಲು ನಾವು ಸ್ಥಳೀಯರು ಏನು ಮಾಡಬಹುದು ಅಂತ ಮಾತಾಡಲು ಇವತ್ತು ನನ್ನನ್ನು ಕರೆದಿದ್ದಾರೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ವಿಜ್ಞಾನಿಯಲ್ಲ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಿದೆಯೋ ಅದನ್ನು ಹಿಡಿದುಕೊಂಡು, ಮರುದಿನವೂ ಹೋಗುವುದು. ನನಗೆ ಗೊತ್ತಿರುವ ದಾರಿ ಅದೊಂದೇ. ನಮಗೆ ಸಿಕ್ಕಿದ್ದು ಕೆರೆ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ, ಅಲ್ವಾ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ ಕೂತ ಊರು ಇದು. ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಓಡಿ ಹೋಗುವ ಆ ನೀರನ್ನು ಹಿಡಿಯಲು ಹಿರಿಯರು ಕೆರೆಗಳನ್ನು ಸರ ಪೋಣಿಸಿದ ಹಾಗೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಅಗರದಲ್ಲಿ ಸಿಕ್ಕಿರುವ 9ನೇ ಶತಮಾನದ ಶಾಸನದಲ್ಲಿ ಕೆರೆಗೆ ತೂಬು ಇಡಿಸಿದ ವಿಷಯ, ಅದಕ್ಕಾಗಿ ಬಿತ್ತುವಟ್ಟ ಅಂತ ಭೂಮಿ ಬಿಟ್ಟುಕೊಟ್ಟ ವಿಷಯ ಇದೆ. ಆಮೇಲಿನ ಕಾಲದಲ್ಲಿ ಊರೂರಿಗೂ ನೀರುಗಂಟಿ ಇದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆ ಕಟ್ಟಿಕೊಂಡರೆ ಬಿಡಿಸುವುದು ಅವನ ಕೆಲಸ. ಗದ್ದೆ ಹೋಯಿತು, ನೀರುಗಂಟಿಯೂ ಹೋದ. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಉಳಿದ ಕೆರೆಗಳಲ್ಲಿ ನೀರುಗಂಟಿಯ ಕೆಲಸ ಇವತ್ತಿಗೂ ಖಾಲಿ ಇದೆ. ಸಂಬಳ ಮಾತ್ರ ಇಲ್ಲ.

ಅರ್ಧ ತಮಾಷೆಗೆ ಆ ಕೆಲಸಕ್ಕೆ ನಾವು ನಾಲ್ಕು ಜನ ಸೇರಿಕೊಂಡೆವು. ಒಂದು ಉದ್ದನೆ ನೋಟ್‌ಬುಕ್ ತಂದೆ. ಕೋಡಿ ಪಕ್ಕ ಹತ್ತು ಕಲ್ಲಿನ ಮೆಟ್ಟಿಲಿವೆ. ಪ್ರತಿ ಭಾನುವಾರ ಬೆಳಿಗ್ಗೆ ಎಷ್ಟು ಮೆಟ್ಟಿಲು ಕಾಣುತ್ತಿವೆ, ನೀರಿನ ಬಣ್ಣ ಏನು, ಯಾವ ಹಕ್ಕಿ ಬಂದಿದೆ ಅಂತ ಬರೆಯುವುದು. ಅಷ್ಟೇ. ಒಂದು ದಿನ ಕೆರೆಯಲ್ಲಿ ಬಲೆ ಬಿಡುವವರೊಬ್ಬರು ನನ್ನ ಪುಸ್ತಕ ನೋಡಿ, "ಸಾರ್, ನೀರು ನೋಡಿ ಬರ್ಕೊಂಡ್ರೆ ಆಗಲ್ಲ, ಮೂಸಿ ನೋಡ್ಬೇಕು" ಅಂದರು. ಅವತ್ತಿನಿಂದ ವಾಸನೆಗೂ ಒಂದು ಕಾಲಂ ಹಾಕಿದೆ.

ಆ ಕಾಲಂ ಕೆಲಸಕ್ಕೆ ಬಂತು. ಒಂದು ಮಾರ್ಚ್ ತಿಂಗಳು, ಒಂದು ಹನಿ ಮಳೆ ಇಲ್ಲ, ಆದರೂ ಕಾಲುವೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಕಾಲುವೆ ಹರಿದರೆ ಖುಷಿ ಪಡಬೇಡಿ. ಮಳೆ ಇಲ್ಲದೆ ಹರಿಯುವ ನೀರು ಯಾರದೋ ಬಚ್ಚಲಿನದು. ಕಾಲುವೆ ಗುಂಟ ಮೇಲಕ್ಕೆ ನಡೆದೆವು. ಮೂರನೇ ಮೋರಿ ಹತ್ತಿರ, ಪೊದೆ ಹಿಂದೆ, ತೋಳು ದಪ್ಪದ ಪೈಪು. ಬೂದು ಬಣ್ಣದ ನೀರು, ಸೋಪಿನ ವಾಸನೆ. ಅದಕ್ಕೆ ಮೊದಲು "ಕೆರೆಗೆ ಕೊಳಚೆ ನೀರು ಬರ್ತಿದೆ" ಅಂತ ನಾಲ್ಕು ಸಲ ದೂರು ಕೊಟ್ಟಿದ್ದೆವು, ಯಾರೂ ತಿರುಗಿ ನೋಡಿರಲಿಲ್ಲ. ಐದನೇ ಸಲ ಮೋರಿ ಯಾವುದು, ಎಷ್ಟನೇ ತಾರೀಕಿನಿಂದ, ಬೆಳಿಗ್ಗೆ ಎಷ್ಟು ಗಂಟೆಗೆ ಜಾಸ್ತಿ ಅಂತ ಪುಸ್ತಕ ನೋಡಿ ಬರೆದು, ಫೋಟೋ ಅಂಟಿಸಿ ಕೊಟ್ಟೆವು. ಎಂಜಿನಿಯರ್ ಬಂದರು. ಪೈಪು ಮುಚ್ಚಲು ಮತ್ತೆ ಹನ್ನೊಂದು ವಾರ ಹಿಡಿಯಿತು, ಅದು ಬೇರೆ ಮಾತು. ಆದರೆ ಮುಚ್ಚಿತು.

ಅದಕ್ಕೇ ಹೇಳುತ್ತೇನೆ, ಕೆರೆ ಉಳಿಸಬೇಕು ಅಂತಿದ್ದರೆ ಕೆರೆ ಹತ್ತಿರ ನಿಲ್ಲಬೇಡಿ. ಕಾಲುವೆ ಗುಂಟ ಮೇಲಕ್ಕೆ ಹೋಗಿ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು, 2017ರಲ್ಲಿ, 2018ರಲ್ಲಿ ಬೆಂಕಿ ಕಂಡದ್ದು ಎಲ್ಲರಿಗೂ ಗೊತ್ತು. ಆ ನೊರೆ ಕೆರೆಯಲ್ಲಿ ಹುಟ್ಟಿದ್ದಲ್ಲ. ನಮ್ಮ ವಾಷಿಂಗ್ ಮೆಷಿನ್‌ಗಳಿಂದ ಹೊರಟು, ಶುದ್ಧವಾಗದೆ ಅಲ್ಲಿಗೆ ಹೋಗಿ ತಲುಪಿದ್ದು.

ನಾವೇನು ಮೊದಲಿಗರಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು 2011ರಲ್ಲೇ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿ ವಹಿಸಿಕೊಂಡರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯೂ ಅಕ್ಕಪಕ್ಕದವರು ಬೆನ್ನು ಬಿದ್ದದ್ದಕ್ಕೆ ಮತ್ತೆ ಕೆರೆಯಾಯಿತು. ಜಕ್ಕೂರಿಗಂತೂ ಒಂದು ಸಲ ಹೋಗಿ ಬನ್ನಿ. ಅಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ದಾಟಿ, ಆಪು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆಗೆ ಇಳಿಯುತ್ತದೆ. ಅದೇ ಕೆರೆಯಲ್ಲಿ ಮೀನು ಹಿಡಿಯುತ್ತಾರೆ, ಹೆಜ್ಜಾರ್ಲೆ ಹಕ್ಕಿಗಳು ತೇಲುತ್ತವೆ.

ಇಲ್ಲಿ ನಮ್ಮವರ ಬಗ್ಗೆಯೇ ಒಂದು ತಕರಾರು ಇದೆ, ಹೇಳಿಬಿಡುತ್ತೇನೆ. ಕೆರೆ ಅಭಿವೃದ್ಧಿ ಅಂದ ಕೂಡಲೇ ನಾವು ಕೇಳುವುದು ವಾಕಿಂಗ್ ಪಾತ್, ದೀಪ, ಬೆಂಚು, ಕಾರಂಜಿ. ಸುತ್ತ ಏರಿ ಎಬ್ಬಿಸಿ, ಒಳಗೆ ಕಡಿದಾಗಿ ಅಗೆದು, ಕೆರೆಯನ್ನು ಬಾಣಲೆ ಮಾಡಿಬಿಡುತ್ತಾರೆ. ಬಕ, ಗದ್ದೆಗೊರವ ಕಾಲಿಟ್ಟು ನಿಲ್ಲುವುದು ಕೆಸರು ಇರುವ, ಮೊಣಕಾಲುದ್ದವೂ ಇಲ್ಲದ ನೀರಿನಲ್ಲಿ. ಬಾಣಲೆಯಲ್ಲಿ ಅವು ಎಲ್ಲಿ ನಿಲ್ಲಬೇಕು? ಸಭೆಗೆ ಕರೆದಾಗ ಬೆಂಚಿನ ಜೊತೆ ಒಂದು ಮೂಲೆ ಕೆಸರನ್ನೂ ಕೇಳಿ.

ಕೆರೆ ಹತ್ತಿರ ಇಲ್ಲದವರಿಗೆ ತಲೆ ಮೇಲಿನ ಸೂರು ಇದೆ. ಬ್ಯಾಂಕಿನವನ ಲೆಕ್ಕ ಕೇಳಿ. 1200 ಚದರಡಿಯ ಸೂರಿನ ಮೇಲೆ ಒಂದು ಸಂಜೆ 5 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಹತ್ತಿರ ಹತ್ತಿರ ಒಂದು ಸಣ್ಣ ಟ್ಯಾಂಕರು! 2024ರ ಬೇಸಿಗೆಯಲ್ಲಿ ಅದೇ ಟ್ಯಾಂಕರಿಗೆ ನಾವು ಫೋನ್ ಮಾಡಿ ಮಾಡಿ ಬೇಡಿಕೊಂಡೆವು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿದ ಹಾಗೆ ಮೇಲೆ ಪಂಪ್ ಆಗಿ ಬರುತ್ತದೆ. ಸೂರಿನ ನೀರು ಮಾತ್ರ ರಸ್ತೆಗೆ.

ಆ ನೀರು ನೆಲಕ್ಕೆ ಇಳಿಯಲಿ ಅಂತ ನಾವು ಮೂರು ಮನೆಯವರು ಸೇರಿ ಇಂಗು ಬಾವಿ ತೋಡಿಸಿದೆವು. ಬಂದವರು ಮಣ್ಣು ವಡ್ಡರು, ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದವರು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ. ಒಬ್ಬರು ಒಳಗೆ ಕೂತು ಗುದ್ದಲಿಯಲ್ಲಿ ಕೆರೆಯುತ್ತಿದ್ದರೆ, ಇಬ್ಬರು ಮೇಲಿಂದ ಹಗ್ಗದಲ್ಲಿ ಮಣ್ಣು ಸೇದುತ್ತಿದ್ದರು. ಆಮೇಲೆ ಸಿಮೆಂಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಿದರು. ಹಿರಿಯರೊಬ್ಬರು ಹಿಡಿ ಮಣ್ಣು ತಂದು ಕೈಗಿಟ್ಟು, "ಸ್ವಾಮಿ, ಮರಳು ಮಿಶ್ರಿತ ಸಿಕ್ಕಿದೆ, ಇನ್ನು ಕುಡಿಯುತ್ತೆ" ಅಂದರು. ಎರಡು ವಿಷಯ ನೆನಪಿಡಿ. ಮೊದಲ ಮಳೆಯ ಕೊಳೆ ನೀರನ್ನು ಬಾವಿಗೆ ಬಿಡಬೇಡಿ. ಬಚ್ಚಲ ನೀರನ್ನಂತೂ ಯಾವತ್ತೂ ಬಿಡಬೇಡಿ. ಒಳಗೆ ಇಳಿದದ್ದು ನಿಮ್ಮ ಬೋರ್‌ವೆಲ್‌ಗೇ ಬರುವುದು.

ಇನ್ನು ಕಸ. ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಪ್ಯಾಡಿನಂಥ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ ಅನ್ನುವ ವ್ಯವಸ್ಥೆಗೆ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಆದೇಶ ಕೊಟ್ಟಿತು. ನಾವು ಇನ್ನೂ ಗಾಡಿ ಬಂದಾಗ ಎಲ್ಲ ಒಟ್ಟಿಗೆ ಸುರಿದು ಓಡುತ್ತೇವೆ. ಬೆರೆಸಿದ್ದನ್ನು ಕೈಯಲ್ಲಿ ಬೇರೆ ಮಾಡುವುದು ಪೌರಕಾರ್ಮಿಕರು. ಇಲ್ಲಿನ ಕಸ ತಿಂದು ತಿಂದು ಸಾಕಾಗಿ ಮಂಡೂರಿನ ಜನ 2014ರಲ್ಲಿ ಲಾರಿ ತಡೆದದ್ದು ಮರೆತೇ ಹೋಗಿದೆ.

ಹಸಿ ಕಸ ಮನೆಯಲ್ಲೇ ಗೊಬ್ಬರ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮೂರನೇ ವಾರ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಹುಳ ಬರುತ್ತದೆ. ನಮ್ಮ ಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದವಳು ನನ್ನ ಹೆಂಡತಿ. ಅವಳ ಕೂಗು ಕೇಳಿ ಪಕ್ಕದ ಮನೆಯವರು ಬಂದುಬಿಟ್ಟರು. "ನಿಮ್ಮ ಪರಿಸರ ನೀವೇ ಇಟ್ಕೊಳ್ಳಿ, ಅಡುಗೆಮನೆ ಹತ್ತಿರ ತರ್ಬೇಡಿ" ಅಂದಳು. ಹುಳದಿಂದ ಅಪಾಯವಿಲ್ಲ, ಒಳಗೆ ತೇವ ಜಾಸ್ತಿ ಆಗಿದೆ ಅಂತ ಅರ್ಥ. ಒಂದು ಪದರ ತರಕಾರಿ ಸಿಪ್ಪೆಗೆ ಎರಡು ಪದರ ಒಣಗಿದ ಎಲೆ ಹಾಕಿ, ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ, ಎರಡು ದಿನಕ್ಕೊಮ್ಮೆ ಕೆದಕಿ. ವಾಸನೆಯೂ ಹೋಗುತ್ತದೆ, ಹುಳವೂ ಕಮ್ಮಿಯಾಗುತ್ತದೆ. ಬೀದಿಯಲ್ಲಿ ಗುಡಿಸಿ ಬೆಂಕಿ ಇಡುವ ಎಲೆಗೂ ಒಂದು ದಾರಿ ಆಯಿತು. ಈಗ ನಮ್ಮ ಮನೆಯ ಗೊಬ್ಬರದ ಡಬ್ಬ ಅವಳದ್ದೇ. ನನಗೆ ಮುಟ್ಟಲು ಬಿಡುವುದಿಲ್ಲ.

ಹಬ್ಬದ ವಿಷಯ ಎರಡೇ ಮಾತು. ಮಣ್ಣಿನ ಗಣಪನನ್ನು ಮನೆಯ ಬಕೆಟ್ಟಿನಲ್ಲಿ ಬಿಟ್ಟು ಆ ನೀರು ತುಳಸಿಗೆ ಹಾಕಿ. ಆಯುಧ ಪೂಜೆಯ ಬೂದುಗುಂಬಳ ಒಡೆದವರೇ ಎತ್ತಿಬಿಡಿ, ಬೈಕಿನವರು ಜಾರುತ್ತಾರೆ.

ಮರಗಳ ಬಗ್ಗೆ ಸ್ವಲ್ಪ ಕಾನೂನು. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರದ್ದು. ಕೆಲವು ಜಾತಿಗಳನ್ನು ಬಿಟ್ಟರೆ ನಿಮ್ಮ ಸ್ವಂತ ಹಿತ್ತಲಿನ ಮರ ಕಡಿಯಲೂ ಮರ ಅಧಿಕಾರಿಯ ಅನುಮತಿ ಬೇಕು. ಯೋಜನೆಗೆ 50ಕ್ಕಿಂತ ಜಾಸ್ತಿ ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ಪ್ರಕಟಣೆ ಪೇಪರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ, ನಾವು ಚಿನ್ನದ ರೇಟು ನೋಡಿ ಪುಟ ತಿರುಗಿಸುತ್ತೇವೆ. 2016ರ ಅಕ್ಟೋಬರ್ 16ರಂದು ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಕಟ್ಟಲು ಹೊರಟಿದ್ದ ಉಕ್ಕಿನ ಸೇತುವೆ ಬೇಡ ಅಂತ ಸಾವಿರಾರು ಜನ ಕೈ ಕೈ ಹಿಡಿದು ಸರಪಳಿ ಮಾಡಿ ನಿಂತದ್ದು ನಿಮಗೆ ನೆನಪಿರಬಹುದು. ಉಳಿಯಬೇಕಾಗಿದ್ದದ್ದು 800ಕ್ಕೂ ಜಾಸ್ತಿ ಮರ. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಎಲ್ಲರ ನೆನಪಿನಲ್ಲಿ ಉಳಿದದ್ದು ಸರಪಳಿ. ಸರಪಳಿ ಮುಗಿದ ಮೇಲೂ ಕೂತು ಕಾಗದ ತೆಗೆಸಿದವರು, ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದವರು ಇದ್ದರು. ಅವರ ಫೋಟೋ ಜಾಸ್ತಿ ಬರಲಿಲ್ಲ.

ನಮ್ಮ ಸಸಿಗಳ ಕಥೆ ಅರ್ಧಕ್ಕೇ ಬಿಟ್ಟೆ, ಅಲ್ವಾ. ಮಾರನೇ ವರ್ಷ ಶಾಮಿಯಾನ ಹಾಕಿಸಲಿಲ್ಲ. ಹೊಂಗೆ, ನೇರಳೆ, ಅತ್ತಿ, ಹೀಗೆ ಆರೇ ಸಸಿ. ಒಂದೊಂದು ಮನೆಗೆ ಒಂದು. ಆ ಮನೆಯವರು ಊರಿಗೆ ಹೋದರೆ ಬಿಂದಿಗೆ ಯಾರಿಗೆ ಕೊಟ್ಟು ಹೋಗಬೇಕು ಅಂತಲೂ ಮೊದಲೇ ಬರೆದಿಟ್ಟೆವು. ಐದು ಬದುಕಿವೆ. ಆರನೆಯದನ್ನು ಹಸು ತಿಂದಿತು.

ಹೋದ ಭಾನುವಾರದ ಪುಟ ಓದಿ ಮುಗಿಸುತ್ತೇನೆ. "ಬೆಳಿಗ್ಗೆ ಆರೂವರೆ. ಮೆಟ್ಟಿಲು ನಾಲ್ಕು ಕಾಣುತ್ತಿವೆ. ಬಣ್ಣ ಹಸಿರು. ವಾಸನೆ ಇಲ್ಲ. ನಾಮದ ಕೋಳಿ ಹನ್ನೊಂದು, ಗುಳುಮುಳುಕ ಎರಡು, ಮರಿ ಜೊತೆಗೆ. ಮೂರನೇ ಮೋರಿ ಒಣಗಿದೆ. ಕಸದ ಜಾಲರಿ ಹರಿದಿದೆ, ತಂತಿ ತರಬೇಕು."

ನಮಸ್ಕಾರ.