ಹೋಳಿಗೆ ಬೇಕಾದ್ರೆ ಕೊಂಡು ತನ್ನಿ, ಸಾರು ಎಲ್ಲಿಂದ ತರ್ತೀರಿ?

ನಮಸ್ಕಾರ ಎಲ್ಲರಿಗೂ. ಯುಗಾದಿ ಹತ್ತಿರ ಬಂತಲ್ವಾ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಜಗಳ ಶುರುವಾಗಿದೆ. ಹೋಳಿಗೆ ಮನೆಯಲ್ಲೇ ಮಾಡೋದಾ, ಅಂಗಡಿಯಿಂದ ತರೋದಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಬೈಯೋರು ಆಮೇಲೆ ಬೈಯಿರಿ. ಹೋಳಿಗೆ ಕೊಂಡು ತಂದರೆ ತಪ್ಪೇನಿಲ್ಲ. ಆದರೆ ಒಬ್ಬಟ್ಟಿನ ಸಾರು ಇಲ್ಲದಿದ್ದರೆ ನನಗೆ ಯುಗಾದಿ ಊಟ ಆಯ್ತು ಅಂತಲೇ ಅನ್ನಿಸಲ್ಲ.

ಬೆಂಗಳೂರಲ್ಲಿ ಈಗ ಎಲ್ಲಿ ನೋಡಿದರೂ ಹೋಳಿಗೆ ಅಂಗಡಿ. ಬೇಳೆ, ಕಾಯಿ ಇದ್ದೇ ಇವೆ. ಜೊತೆಗೆ ಖರ್ಜೂರ, ಕ್ಯಾರೆಟ್, ಅನಾನಸ್, ಗುಲ್ಕನ್ ಅಂತ ಬೋರ್ಡ್ ತುಂಬಾ ಹೆಸರು. ಕಣ್ಣೆದುರೇ ಕಾವಲಿ ಮೇಲೆ ಬೇಯಿಸಿ ತುಪ್ಪ ಸವರಿ ಕೊಡುತ್ತಾರೆ. ಚೆನ್ನಾಗೇ ಇರುತ್ತೆ, ಸುಮ್ನೆ ಯಾಕೆ ಸುಳ್ಳು ಹೇಳಲಿ? ಮನೆಯಲ್ಲಿ ಮಾಡಬೇಕು ಅಂದರೆ ಕಣಕ ನಾದಿ ಎಣ್ಣೆಯಲ್ಲಿ ನೆನೆಸಿಡಬೇಕು, ಬೇಳೆ ಬೇಯಿಸಿ ಬಸಿಯಬೇಕು, ಬೆಲ್ಲ ಹಾಕಿ ಕೈ ಬಿಡದೆ ತಿರುವಬೇಕು, ರುಬ್ಬಬೇಕು, ಉಂಡೆ ಕಟ್ಟಬೇಕು, ಎಲೆ ಮೇಲೆ ತಟ್ಟಬೇಕು, ಒಂದೊಂದೇ ಬೇಯಿಸಬೇಕು. ಅಷ್ಟೆಲ್ಲ ಮಾಡೋದು ಯಾರು? ಸಾಮಾನ್ಯವಾಗಿ ಒಬ್ಬರೇ. "ಮನೇಲಿ ಮಾಡಿದ್ದೇ ರುಚಿ" ಅಂತ ಭಾಷಣ ಮಾಡೋ ಗಂಡಸರು ಅಷ್ಟು ಹೊತ್ತೂ ಹಜಾರದಲ್ಲಿ ಇಸ್ಪೀಟ್ ಆಡ್ತಾ ಇರ್ತಾರೆ. ಅಂಥ ಮನೆಯಲ್ಲಿ ಅಮ್ಮನೋ ಹೆಂಡತಿಯೋ ಈ ಸಲ ಕೊಂಡು ತರೋಣ ಅಂದರೆ ಬಾಯಿ ಮುಚ್ಚಿಕೊಂಡು ಹೋಗಿ ಕ್ಯೂ ನಿಲ್ಲಿ.

ಆದರೆ ಒಂದು ವಿಷಯ ನೋಡಿ. ಅಂಗಡಿಯವರು ಹೋಳಿಗೆ ಕೊಡುತ್ತಾರೆ, ಬೇಳೆ ಬಸಿದ ಕಟ್ಟು ಕೊಡಲ್ಲ. ಆ ಕಟ್ಟಿನಲ್ಲೇ ಇರೋದು ಎಲ್ಲ.

ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ, ಜಾಸ್ತಿ ನೀರಿಟ್ಟು, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ ಬೇಯಿಸುತ್ತಾರೆ. ಅಮ್ಮ ಆಗಾಗ ಒಂದು ಬೇಳೆ ತೆಗೆದು ಎರಡು ಬೆರಳ ನಡುವೆ ಹಿಚುಕಿ ನೋಡುತ್ತಾಳೆ. ಹಿಚುಕಿದರೆ ನುಣ್ಣಗಾಗಬೇಕು, ಪಾತ್ರೆಯಲ್ಲಿ ಮಾತ್ರ ಬಿಡಿಬಿಡಿಯಾಗೇ ಇರಬೇಕು. ಕುಕ್ಕರಿಗೆ ಹಾಕಿ ಒಂದು ವಿಷಲ್ ಜಾಸ್ತಿ ಕೂಗಿಸಿದಿರೋ, ಹೂರಣ ನೀರು ನೀರು, ಕಟ್ಟು ಗಂಜಿ. ಬಸಿದಾಗ ಬರುವ ಆ ತಿಳಿ ಹಳದಿ ನೀರಿಗೆ ಒಂದು ಹಿಡಿ ಹೂರಣ ಕದಡಿ, ಹುರಿದ ಈರುಳ್ಳಿ, ಕಾಯಿ, ಸಾರಿನ ಪುಡಿ ರುಬ್ಬಿ ಹಾಕಿ, ಹುಣಸೆರಸ ಬಿಟ್ಟು ಕುದಿಸಿ, ಕೊನೆಗೆ ಬೆಳ್ಳುಳ್ಳಿ ಕರಿಬೇವಿನ ಒಗ್ಗರಣೆ ಕೊಟ್ಟರೆ ಬೀದಿಯ ಆ ತುದಿಗೂ ಗೊತ್ತಾಗುತ್ತೆ, ಈ ಮನೇಲಿ ಒಬ್ಬಟ್ಟು ಅಂತ. ಖಾರ, ಹುಳಿ, ಅದರ ಹಿಂದೆ ಸಣ್ಣಗೆ ಬೆಲ್ಲ. ಮಾಮೂಲಿ ಬೇಳೆ ಸಾರಿಗೆ ಒಂದು ತುಂಡು ಬೆಲ್ಲ ಹಾಕಿ "ಅದೇ ಇದು" ಅನ್ನೋರಿದ್ದಾರೆ. ಅಂಥವರ ಮನೆಗೆ ನಾನು ಊಟಕ್ಕೆ ಹೋಗಲ್ಲ.

ಕಾಯಿ ಹೋಳಿಗೆ ಪಕ್ಷದವರ ಮೇಲೂ ನನ್ನ ತಕರಾರು ಇದೇ. ತಿನ್ನೋಕೆ ಚೆನ್ನಾಗಿದೆ, ಹಾಲು ಹಾಕಿಕೊಂಡರಂತೂ ಬಿಡಿ. ಆದರೆ ಅದರಲ್ಲಿ ಬಸಿಯೋಕೆ ಏನಿದೆ?

ಬೇಳೆ ವಿಷಯದಲ್ಲೂ ನಮ್ಮ ಮನೆಯಲ್ಲಿ ಎರಡು ಪಾರ್ಟಿ. ಅಮ್ಮ ಮಂಡ್ಯ ಕಡೆಯವಳು, ತೊಗರಿಬೇಳೆ. ಅತ್ತಿಗೆ ಧಾರವಾಡದ ಕಡೆಯವರು, ಕಡಲೆಬೇಳೆ. "ಅತ್ತೀ, ಹೋಳಿಗಿ ಅಂದ್ರ ಕಡ್ಲಿಬ್ಯಾಳಿನ ರೀ" ಅಂತ ಅವರು. "ಹೊಟ್ಟೆ ಉಬ್ಬರಿಸುತ್ತೆ ಕಣಮ್ಮಾ" ಅಂತ ಇವಳು. ಅತ್ತಿಗೆ ಕಣಕಕ್ಕೆ ಗೋಧಿ ಹಿಟ್ಟು ಹಾಕಿ ಲಟ್ಟಿಸುತ್ತಾರೆ, ಅಮ್ಮ ಚಿರೋಟಿ ರವೆ, ಮೈದಾ ಕಲಸಿ ಬಾಳೆ ಎಲೆ ಮೇಲೆ ಕೈಯಲ್ಲೇ ತಟ್ಟುತ್ತಾಳೆ. ಇಬ್ಬರೂ ಒಪ್ಪಿಕೊಂಡಿರೋದು ಒಂದೇ, ಕಟ್ಟು ಚೆಲ್ಲಬಾರದು. ಅತ್ತಿಗೆಯ ಕಟ್ಟಿನ ಸಾರಿನಲ್ಲಿ ಒಣಕೊಬ್ಬರಿ, ಲವಂಗ, ಚಕ್ಕೆ ಇರುತ್ತೆ. ಅಮ್ಮನ ಎದುರು ಹೇಳಲ್ಲ, ಆದರೆ ನನಗೆ ಅದು ಒಂದು ಕೈ ಮೇಲೆ.

ಇನ್ನು ಹೊಸತೊಡಕು. ನಮ್ಮ ಹಳೇ ಮೈಸೂರು ಕಡೆ ಯುಗಾದಿ ಒಂದು ದಿನದ ಹಬ್ಬ ಅಲ್ಲ, ಮಾರನೇ ದಿನ ಬಾಡೂಟ ಆಗಲೇಬೇಕು. ಹಳ್ಳಿಗಳಲ್ಲಿ ವರ್ಷವಿಡೀ ಚೀಟಿ ಹಾಕಿ ದುಡ್ಡು ಕೂಡಿಸುತ್ತಾರೆ, ಕುರಿನೋ ಮೇಕೆನೋ ತಂದು ಬೆಳಗಿನ ಜಾವವೇ ಕಡಿದು, ಸಮ ಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆ ಮಾಂಸ ಅನ್ನೋದು ಅದಕ್ಕೇ. ಲಿವರ್, ತಲೆಮಾಂಸ, ಮೂಳೆ, ಕೊಬ್ಬು ಎಲ್ಲ ಒಂದೊಂದು ಪಾಲು ಬರುತ್ತೆ, ಆರಿಸಿಕೊಳ್ಳೋ ಹಾಗಿಲ್ಲ. ಪೇಟೆಯವರಿಗೆ ಮಟನ್ ಅಂಗಡಿ ಕ್ಯೂ. 2025ರಲ್ಲಂತೂ ಯುಗಾದಿ ಮಾರ್ಚ್ 30ರ ಭಾನುವಾರ, ಮಾರನೇ ದಿನ ಹೊಸತೊಡಕು, ಅವತ್ತೇ ರಂಜಾನ್ ಹಬ್ಬ. ಕ್ಯೂ ಹೇಗಿತ್ತು ಅಂತ ನೀವೇ ಯೋಚಿಸಿ. ಅದರ ಮೇಲೆ ಸೋಮವಾರ ಬೇರೆ! ಸೋಮವಾರ ಬಾಡು ಮುಟ್ಟದ ಮನೆಗಳು ಬಾಯಿ ಕಟ್ಟಿಕೊಂಡು ಮಂಗಳವಾರಕ್ಕೆ ಕಾದವು.

ಕೆಲವರು ಆಫೀಸಿನಲ್ಲಿ ಯುಗಾದಿಗೆ ಏನು ಮಾಡಿದ್ರಿ ಅಂದರೆ ಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನದವರೆಗೆ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಯಾಕೆ ಸ್ವಾಮಿ, ಮಾರನೇ ದಿನ ಉಪವಾಸ ಇದ್ರಾ? ತಿಂದಿದ್ದನ್ನು ಹೇಳಿಕೊಳ್ಳೋಕೆ ಇಷ್ಟು ಸಂಕೋಚ ನನಗೆ ಅರ್ಥ ಆಗಲ್ಲ.

ಈಗ ಮತ್ತೆ ಸಾರಿಗೆ ಬರೋಣ. ಮಾಂಸ ಮನೆಗೆ ಬಂದು, ತೊಳೆದು, ಮಸಾಲೆ ರುಬ್ಬಿ, ಬೆಂದು, ಮುದ್ದೆ ಇಳಿಯೋ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಅಲ್ಲಿವರೆಗೆ ಹೊಟ್ಟೆಗೆ? ನಿನ್ನೆ ಕುದಿಸಿಟ್ಟ ಒಬ್ಬಟ್ಟಿನ ಸಾರು, ಬಿಸಿ ಅನ್ನ. ರಾತ್ರಿ ಕಳೆದು ಅದು ಮಂದವಾಗಿರುತ್ತೆ, ಹುಳಿ ಖಾರ ಎಲ್ಲ ಹೊಂದಿಕೊಂಡಿರುತ್ತೆ. ಹಬ್ಬದ ದಿನಕ್ಕಿಂತ ಅವತ್ತೇ ಅದು ಜಾಸ್ತಿ ರುಚಿ.

ಅದಕ್ಕೇ ಹೇಳೋದು, ಈ ಸಲ ಹೋಳಿಗೆ ಕೊಂಡು ತರೋರು ಮನೆಯಲ್ಲಿ ಅರ್ಧ ಸೇರು ಬೇಳೆ ಮಾತ್ರ ಬೇಯಿಸಿ. ಕಟ್ಟು ಬಸಿದಿಟ್ಟುಕೊಳ್ಳಿ. ಬೇಳೆಗೆ ಬೆಲ್ಲ, ಏಲಕ್ಕಿ ಹಾಕಿ ಗಟ್ಟಿ ಮಾಡಿ, ಒಂದು ಹಿಡಿ ಸಾರಿಗೆ ತೆಗೆದಿಡಿ. ಉಳಿದಿದ್ದು ಏನು ಮಾಡೋದು ಅಂತ ಚಿಂತೆ ಬೇಡ, ಮಕ್ಕಳು ಚಮಚದಲ್ಲೇ ಖಾಲಿ ಮಾಡುತ್ತಾರೆ. ಬೆಳ್ಳುಳ್ಳಿ ಹಾಕಬೇಕಾ ಬೇಡವಾ ಅನ್ನೋ ಜಗಳ ಕಾಮೆಂಟಿನಲ್ಲಿ ನೀವೇ ಆಡಿಕೊಳ್ಳಿ. ನಮ್ಮನೇಲಿ ಹಾಕುತ್ತಾರೆ.