ಲೇಸರ್ ಕಂಡಿದ್ದು, ಗುದ್ದಲಿ ಹೇಳಿದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಂಬೋಡಿಯಾದ ಅಂಕೋರ್ ವಾಟ್ ದೇವಸ್ಥಾನದ ಹೆಸರು ಕೇಳಿರುತ್ತೀರಿ. 12ನೇ ಶತಮಾನದ್ದು. 2012ರಲ್ಲಿ ಅದರ ಸುತ್ತಮುತ್ತಲ ಕಾಡಿನ ಮೇಲೆ ಹೆಲಿಕಾಪ್ಟರ್ ಹಾರಿಸಿ, ಲೇಸರ್ ಬಿಟ್ಟು ನೆಲ ಅಳೆದರು. ಆ ಬೆಳಕಿನ ಮಿಣುಕುಗಳಲ್ಲಿ ಹೆಚ್ಚಿನವು ಎಲೆಗೆ ಬಡಿದು ವಾಪಸು ಬರುತ್ತವೆ. ಕೆಲವು ಮಾತ್ರ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತವೆ. ನಮಗೆ ಬೇಕಾದ್ದು ಆ ಕೆಲವು. ಮಿಕ್ಕಿದ್ದನ್ನು ಕಂಪ್ಯೂಟರ್ ಅಳಿಸಿದರೆ ಕಾಡು ಮಾಯ, ಬರೀ ನೆಲ.

ಆ ನೆಲದಲ್ಲಿ ಏನು ಕಂಡಿತು ಗೊತ್ತಾ? ದೇವಸ್ಥಾನದ ದಕ್ಷಿಣಕ್ಕೆ ಒಂದು ಮಣ್ಣಿನ ಸುರುಳಿ. ಉದ್ದ ಒಂದೂವರೆ ಕಿಲೋಮೀಟರ್, ಅಗಲ ಸುಮಾರು 600 ಮೀಟರ್. ಚೌಕ ಚೌಕವಾಗಿ ಒಳಕ್ಕೆ ತಿರುಗುತ್ತಾ ಹೋಗುತ್ತದೆ.

ಇಂಥ ಚಿತ್ರ ಬಂದರೆ ಸಾಕು, ನನ್ನ ಫೋನಿಗೆ ಮೆಸೇಜು ಶುರು. 'ಸರ್, ಇದು ಮಂಡಲ ಅಲ್ವಾ?' 'ಬೇರೆ ಗ್ರಹದವರು ಮಾಡಿದ್ದಾ?' ಸ್ವಲ್ಪ ತಡೀರಿ. ಲೇಸರ್ ಹೇಳುವುದು ಆಕಾರ ಮಾತ್ರ. ಯಾರು, ಯಾವಾಗ, ಯಾಕೆ ಅನ್ನುವುದಕ್ಕೆ ಗುದ್ದಲಿ ಹಿಡಿಯಲೇಬೇಕು.

ಇದನ್ನು ನಾನು ಕಲಿತಿದ್ದು ಮರ್ಯಾದೆ ಕಳೆದುಕೊಂಡು. ಆಗಿನ್ನೂ ಹುಡುಗ. ಮಲೆನಾಡಿನ ಒಂದು ಊರಿನ ಮೇಲಿಂದ ತೆಗೆದ ಚಿತ್ರ ಕೈಗೆ ಸಿಕ್ಕಿತ್ತು. ಕಾಡಿನ ನಡುವೆ ಉದ್ದಕ್ಕೆ ಒಂದು ಕಂದಕ, ಅದರ ಪಕ್ಕಕ್ಕೆ ಮಣ್ಣಿನ ದಂಡೆ. ಕೋಟೆ! ಇನ್ಯಾವುದಪ್ಪಾ? ಯಾವ ರಾಜನದ್ದು ಅಂತಲೂ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಬಸ್ಸು ಹತ್ತಿದೆ. ಜಿಗಣೆ ಕಚ್ಚಿಸಿಕೊಂಡು ಎರಡು ದಿನ ಅಳೆದೆ. ಮೂರನೇ ದಿನ ಒಬ್ಬ ಅಜ್ಜ ಬಂದರು. ಎಲೆಅಡಿಕೆ ಹಾಕಿಕೊಂಡು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಕೇಳಿದರು: 'ತಮ್ಮಾ, ನಮ್ಮ ಅಗಳ ಯಾಕೆ ಅಳೀತಿದ್ದೀಯ? ದನ ತೋಟಕ್ಕೆ ನುಗ್ಗುತ್ತೆ ಅಂತ ನಮ್ಮಪ್ಪ ಹೊಡೆಸಿದ್ದು.' ತೋಟ ಹಾಳು ಬಿದ್ದು ಕಾಡು ಬೆಳೆದಿತ್ತು, ಅಷ್ಟೇ. ಅವರ ಮನೆಯಲ್ಲೇ ಊಟ ಮಾಡಿಸಿ ಕಳಿಸಿದರು. ಅಪ್ಪೆಹುಳಿ ಚೆನ್ನಾಗಿತ್ತು. ಕೋಟೆಯ ಮಾತನ್ನು ನಾನು ಎತ್ತಲಿಲ್ಲ.

ಅಯ್ಯೋ, ಸ್ಟುಡಿಯೊದವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ.

ಅಂಕೋರ್ ವಾಟ್ ಆವರಣದ ಒಳಗೇ ಲೇಸರ್‌ಗೆ ಸಾಲುಸಾಲು ದಿಬ್ಬ, ಪಕ್ಕಕ್ಕೆ ಹೊಂಡ ಕಂಡವು. ಅಲ್ಲಿ ಅಗೆದರು. ಸಿಕ್ಕಿದ್ದು ಅಡುಗೆ ಮಡಕೆಯ ಚೂರು. ಅವು ಜನ ಮನೆ ಕಟ್ಟಿಕೊಂಡು ಇದ್ದ ಜಾಗಗಳು! ನನಗಂತೂ ನಿಧಿ ಸಿಕ್ಕಿದ್ದಕ್ಕಿಂತ ಜಾಸ್ತಿ ಖುಷಿಯಾಯಿತು. ಲೇಸರ್ ದಿಬ್ಬ ತೋರಿಸಿತು, ಮನೆ ಅಂತ ಹೇಳಿದ್ದು ಗುದ್ದಲಿ.

ಸುರುಳಿ ಏನಾಯಿತು ಅಂತೀರಾ? ದೇವಸ್ಥಾನಕ್ಕೆ ಬೇಕಾದ ಗಿಡ ಬೆಳೆಸುವ ತೋಟ ಇರಬಹುದು ಅಂತ ಒಂದು ಊಹೆ. ಕಟ್ಟಿದರು, ಬಳಸಲೇ ಇಲ್ಲ ಅಂತ ಇನ್ನೊಂದು. ಮಂಡಲದ ಮೆಸೇಜು ದಯವಿಟ್ಟು ಕಳಿಸಬೇಡಿ. ನಮಸ್ಕಾರ.